ಕಾಣದ ಜೇಡಗಳ ಲೆಕ್ಕ

ಜೇಡವು ಕೀಟವಲ್ಲವೆಂಬುದನ್ನು ವಾಚಕರು ಬಲ್ಲರು. ಕೀಟಕ್ಕೆ ಕಾಲು ಆರು, ಜೇಡಕ್ಕೆ ಎಂಟು. ಪ್ರಪಂಚದಲ್ಲಿ ಹೆಸರು ಪಡೆದ ಜೇಡ ಪ್ರಭೇದಗಳ ಸಂಖ್ಯೆ 2022ರಲ್ಲಿ 50,000ವನ್ನು ಮುಟ್ಟಿತು. ಹೆಸರಿಲ್ಲದವು ಇನ್ನೂ ಬಹಳ ಉಂಟು. ಹೀಗಿರುವಾಗ ಒಂದು ಪ್ರದೇಶದಲ್ಲಿ ಎಷ್ಟು ಬಗೆಯ ಜೇಡಗಳಿವೆಯೆಂಬುದನ್ನು ನಾವು ತಿಳಿಯುವುದೆಂತು?

ಇಂತಹ ಎಣಿಕೆಗೆ ದ್ವೀಪವು ಅನುಕೂಲವಾದ ಸ್ಥಳ. ಅದರ ಎಲ್ಲೆಯನ್ನು ನೀರೇ ಗುರುತಿಸಿರುತ್ತದೆ. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಕಾಡಿನ ಬೆಟ್ಟವೊಂದು ಸುತ್ತಲೂ ನೀರು ನಿಂತು ದ್ವೀಪವಾಯಿತು. ಬ್ಯಾರೊ ಕೊಲೊರಾಡೊ ಎಂಬ ಆ ದ್ವೀಪವು 1923ರಲ್ಲಿ ರಕ್ಷಿತ ಪ್ರದೇಶವಾಯಿತು. ಅಲ್ಲಿನ ಉಷ್ಣವಲಯದ ಕಾಡಿನಲ್ಲಿ ವಿಜ್ಞಾನಿಗಳು ದಶಕಗಳ ಕಾಲ ಜೇಡಗಳನ್ನು ಸಂಗ್ರಹಿಸಿದರು.

ದ್ವೀಪಕ್ಕೆ ನೀರೇ ಬೇಕೆಂದಿಲ್ಲ. ಕಲಬುರಗಿ ಜಿಲ್ಲೆಯ ಗೊಬ್ಬೂರದಂತಹ ಊರಿನ ಎರೆ ಹೊಲಗಳನ್ನು ನೆನೆಯೋಣ. ತೊಗರಿ ಕೊಯ್ದು ನೆಲವನ್ನು ಹರಗಿದ ಮೇಲೆ ಹುಲ್ಲು ಬೆಳೆದ ಬದುವೂ ಅದರ ಮೇಲಿನ ಬೇವು ಜಾಲಿಗಳೂ ಮಾತ್ರ ಉಳಿಯುತ್ತವೆ. ಜೇಡದ ಪಾಲಿಗೆ ಅದೇ ದ್ವೀಪ.

ಕಾಡಾಗಲಿ ಬದುವಾಗಲಿ, ಸಮೀಕ್ಷೆಗೆ ಒಂದೇ ವಿಧಾನ ಸಾಲದು. ಕೊಂಬೆಯ ಕೆಳಗೆ ಬಿಳಿ ಬಟ್ಟೆ ಹಿಡಿದು ಕೋಲಿನಿಂದ ತಟ್ಟಿದರೆ ಎಲೆಗಳಲ್ಲಿ ಅಡಗಿದವು ಉದುರುತ್ತವೆ. ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂಳಿದ ಲೋಟದಲ್ಲಿ ನೆಲದ ಮೇಲೆ ಓಡಾಡುವವು ಬೀಳುತ್ತವೆ. ಬಲೆ ನೇಯುವವನ್ನು ಕಣ್ಣಿನಿಂದಲೇ ಹುಡುಕಬೇಕು. ರಾತ್ರಿ ಟಾರ್ಚನ್ನು ನಮ್ಮ ಕಣ್ಣಿನ ಪಕ್ಕದಲ್ಲಿ ಹಿಡಿದರೆ ಹುಲ್ಲಿನಲ್ಲಿ ತೋಳಜೇಡಗಳ ಕಣ್ಣು ಮಿನುಗುತ್ತವೆ. ಆ ಕಣ್ಣುಗಳ ಒಳಪದರವು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತದೆ. ಪ್ರತಿಯೊಂದು ಸ್ಥಳದಲ್ಲಿಯೂ ಆಯಾ ವಿಧಾನಕ್ಕೆ ಒಂದೇ ಪ್ರಮಾಣದ ಕಾಲವನ್ನು ಕೊಡಬೇಕು. ಇಲ್ಲವಾದರೆ ಎರಡು ಸ್ಥಳಗಳನ್ನು ಹೋಲಿಸಲಾಗದು. ಮರಿಗಳ ಪ್ರಭೇದವನ್ನು ಗುರುತಿಸುವುದು ಕಷ್ಟವಾದುದರಿಂದ ಬೆಳೆದ ಜೇಡಗಳನ್ನೇ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ.

ಎಷ್ಟು ಹುಡುಕಿದರೂ ಕೆಲವು ತಪ್ಪಿಸಿಕೊಳ್ಳುತ್ತವೆ. ಸಿಗದವುಗಳ ಸಂಖ್ಯೆಯನ್ನು ಸಿಕ್ಕವುಗಳಿಂದಲೇ ಅಂದಾಜು ಮಾಡುವ ಸೂತ್ರವನ್ನು ಸಂಖ್ಯಾಶಾಸ್ತ್ರಜ್ಞೆ ಆನ್ ಚಾವೊ 1984ರಲ್ಲಿ ಪ್ರಕಟಿಸಿದರು. ಒಂದೇ ಒಂದು ಜೇಡದಿಂದ ಮಾತ್ರ ತಿಳಿದ ಪ್ರಭೇದಗಳು ಹೆಚ್ಚಾಗಿದ್ದರೆ ಇನ್ನೂ ಕಾಣದವು ಬಹಳವಿರಬೇಕು. ಇದೇ ಅದರ ತರ್ಕ. ನಮಗೆ 40 ಪ್ರಭೇದಗಳು ದೊರೆತವೆಂದು ಭಾವಿಸೋಣ. ಅವುಗಳಲ್ಲಿ 12 ಪ್ರಭೇದಗಳ ಒಂದೊಂದು ಜೇಡವೂ, 6 ಪ್ರಭೇದಗಳ ಎರಡೆರಡು ಜೇಡಗಳೂ ಸಿಕ್ಕಿರಲಿ. 12ರ ವರ್ಗವಾದ 144ನ್ನು 6ರ ಇಮ್ಮಡಿಯಾದ 12ರಿಂದ ಭಾಗಿಸಿದರೆ 12 ಬರುತ್ತದೆ. ಆದುದರಿಂದ ಅಲ್ಲಿ ಕಡಿಮೆಯೆಂದರೂ 52 ಪ್ರಭೇದಗಳಿವೆಯೆಂದು ಅಂದಾಜು ಮಾಡಬಹುದು.

ಈ ಲೆಕ್ಕದಿಂದ ಒಕ್ಕಲಿಗನಿಗೇನು ಲಾಭ? ತೊಗರಿಯ ಕಾಯಿಕೊರಕದ ಎಳೆಯ ಹುಳುಗಳನ್ನು ಜೇಡಗಳು ತಿನ್ನುತ್ತವೆ. ಕೀಟನಾಶಕವು ಹುಳುವಿನೊಡನೆ ಅದರ ವೈರಿಯನ್ನೂ ಕೊಲ್ಲಬಲ್ಲದು. ಬದುವನ್ನು ಹೊಲಕ್ಕೆ ಸೇರಿಸಿಕೊಂಡರೆ ಅಳಿದುಳಿದ ಜೇಡಗಳಿಗೆ ಆಸರೆಯೂ ತಪ್ಪುತ್ತದೆ. ಬದು ಇರುವಾಗಲೇ ಅದರ ಜೇಡಗಳನ್ನು ಎಣಿಸಿಟ್ಟರೆ ಮಾತ್ರ, ಮುಂದೆ ಏನನ್ನು ಕಳೆದುಕೊಂಡೆವೆಂಬುದು ನಮಗೆ ತಿಳಿದೀತು.