ಬಾಯ್ಲರ್‌ನ ಸೇಫ್ಟಿ ಸ್ವಿಚ್ ಪದೇ ಪದೇ ಟ್ರಿಪ್ ಆಗುತ್ತಿದೆಯೇ? ‘ಡೈರೆಕ್ಟ್’ ಮಾಡಿಸುವ ಮೊದಲು ಓದಿ



ಬೆಳಗಿನ ಐದು ಗಂಟೆ. ಇಡ್ಲಿ ತಟ್ಟೆಗೆ ಹಿಟ್ಟು ಹೊಯ್ದಾಗಿದೆ, ಆದರೆ ಸ್ಟೀಮ್ ಏರುತ್ತಿಲ್ಲ. ನೋಡಿದರೆ ಗ್ಯಾಸ್ ಬಾಯ್ಲರ್ ಆರಿಹೋಗಿ ಕೆಂಪು ದೀಪ ಉರಿಯುತ್ತಿದೆ. ರೀಸೆಟ್ ಒತ್ತಿದರೆ ಹತ್ತು ನಿಮಿಷ ನಡೆದು ಮತ್ತೆ ಆರುತ್ತದೆ. ಆರೂವರೆಗೆ ಗಿರಾಕಿಗಳು ಬಾಗಿಲಲ್ಲಿ ನಿಂತಿರುತ್ತಾರೆ. ಕರೆಸಿದ ಮೆಕ್ಯಾನಿಕ್ ‘ಸ್ವಿಚ್ ಹಾಳಾಗಿದೆ, ಡೈರೆಕ್ಟ್ ಮಾಡಿಬಿಡೋಣ’ ಎನ್ನುತ್ತಾನೆ. ಎರಡು ವೈರ್ ಸೇರಿಸಿ ಟೇಪ್ ಸುತ್ತಿ ಹೊರಟುಹೋಗುತ್ತಾನೆ. ಇಡ್ಲಿ ಬೇಯುತ್ತದೆ, ಮಾಲೀಕರಿಗೆ ನೆಮ್ಮದಿಯಾಗುತ್ತದೆ.

ನಮ್ಮ ಉದ್ಯಮದಲ್ಲಿ ಇದಕ್ಕಿಂತ ಅಪಾಯದ ನೆಮ್ಮದಿ ಬೇರೊಂದಿಲ್ಲ. ಈ ತಿಂಗಳ ಪಾಠದಲ್ಲಿ ನಾವು ಹೇಳಬೇಕೆಂದಿರುವುದು ಒಂದೇ ಮಾತು: ಟ್ರಿಪ್ ಆಗುವುದು ರೋಗವಲ್ಲ, ರೋಗದ ಲಕ್ಷಣ. ಸ್ವಿಚ್ ಏನು ಹೇಳುತ್ತಿದೆ ಎಂದು ತಿಳಿಯದೆ ಅದರ ಬಾಯಿ ಕಟ್ಟಬಾರದು.

ಅಬಿಡ್ಸ್‌ನ ತಾಜ್‌ಮಹಲ್ ಹೋಟೆಲ್ ಶುರುವಾದ 1948ರ ಹೊತ್ತಿಗೆ ನಮ್ಮ ಹಿರಿಯರ ಅಡುಗೆಮನೆಗಳಿಗೆ ಎಲ್‌ಪಿಜಿ ಬಂದಿರಲಿಲ್ಲ. ಒಲೆಯ ಮುಂದೆ ಕುಳಿತ ಭಟ್ಟರ ಕಣ್ಣೇ ಬೆಂಕಿಯ ಕಾವಲು. ಇಂದು ಬರ್ನರ್ ತಗಡಿನ ಡಬ್ಬಿಯೊಳಗಿದೆ, ಬೆಂಕಿ ಆರಿದರೂ ಯಾರಿಗೂ ಕಾಣುವುದಿಲ್ಲ. ಭಟ್ಟರ ಕಣ್ಣಿನ ಕೆಲಸವನ್ನು ಈಗ ಸ್ವಿಚ್‌ಗಳು ಮಾಡುತ್ತಿವೆ.

ಯಾವ ಸ್ವಿಚ್ ಯಾವುದನ್ನು ಕಾಯುತ್ತದೆ?

ಸ್ಟೀಮ್ ಬಾಯ್ಲರ್, ಬಿಸಿನೀರಿನ ಗೀಸರ್, ವಡೆ ಕರಿಯುವ ಫ್ರೈಯರ್ – ಈ ಮೂರರಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಕಾವಲು ಇರುತ್ತದೆ. ಬೆಂಕಿ ಆರಿದರೆ ಗ್ಯಾಸ್ ನಿಲ್ಲಿಸುವುದು ಒಂದು. ನೀರು ಕಡಿಮೆಯಾದರೆ ನಿಲ್ಲಿಸುವುದು ಎರಡನೆಯದು. ಒತ್ತಡ ಮಿತಿ ಮೀರಿದರೆ ನಿಲ್ಲಿಸುವುದು ಮೂರನೆಯದು. ಶಾಖ ಮಿತಿ ಮೀರಿದರೆ ನಿಲ್ಲಿಸುವ ಹೈ-ಲಿಮಿಟ್ ನಾಲ್ಕನೆಯದು. ನಿಮ್ಮ ಯಂತ್ರದಲ್ಲಿ ಯಾವುದು ಎಲ್ಲಿದೆ ಎಂದು ಮಾರಾಟಗಾರರಿಂದ ಕೇಳಿ ತಿಳಿದು, ಪೇಂಟ್‌ನಲ್ಲಿ ಹೆಸರು ಬರೆಸಿಡಿ. ಯಾವ ಕಾವಲು ಕೂಗಿತು ಎಂದು ತಿಳಿದರೆ ಅರ್ಧ ದುರಸ್ತಿ ಆದಂತೆ.

1. ಬೆಂಕಿ ಕಾಯುವ ಸ್ವಿಚ್

ಸಣ್ಣ ಯಂತ್ರಗಳಲ್ಲಿ ಪೈಲಟ್ ಜ್ವಾಲೆಯ ಬಳಿ ಪೆನ್ಸಿಲ್ ಮೊನೆಯಂಥ ಲೋಹದ ಕಡ್ಡಿ ಇರುತ್ತದೆ. ಇದೇ ಥರ್ಮೋಕಪಲ್. ಬಿಸಿಯಾದಾಗ ಇದರಲ್ಲಿ 20ರಿಂದ 30 ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತದೆ, ಅಂದರೆ ಟಾರ್ಚ್ ಸೆಲ್ಲಿನ ಐವತ್ತನೇ ಒಂದು ಪಾಲಿನಷ್ಟು. ಅಷ್ಟು ಸಣ್ಣ ಶಕ್ತಿಯೇ ಗ್ಯಾಸ್ ವಾಲ್ವನ್ನು ತೆರೆದು ಹಿಡಿದಿರುತ್ತದೆ. ಆದ್ದರಿಂದ ತುದಿಗೆ ಮಸಿ ಹಿಡಿದರೂ, ನಟ್ ಸಡಿಲಾದರೂ, ತುದಿ ಜ್ವಾಲೆಯಿಂದ ಕೊಂಚ ಸರಿದರೂ ವಾಲ್ವ್ ಮುಚ್ಚಿಕೊಳ್ಳುತ್ತದೆ. ನಾಬ್ ಬಿಟ್ಟ ಕೂಡಲೇ ಆರುತ್ತಿದ್ದರೆ ಮೊದಲು ಇಲ್ಲಿ ನೋಡಿ. ಯಂತ್ರ ತಣ್ಣಗಾದ ಮೇಲೆ ತುದಿಯನ್ನು ನಯವಾದ ಬಟ್ಟೆಯಲ್ಲಿ ಒರೆಸಿ. ಮಸಿ ಮತ್ತೆ ಮತ್ತೆ ಹಿಡಿಯುತ್ತಿದ್ದರೆ ಜ್ವಾಲೆ ಹಳದಿ ಇದೆ, ಬರ್ನರ್‌ಗೆ ಗಾಳಿ ಸಾಲುತ್ತಿಲ್ಲ ಎಂದು ಅರ್ಥ. ಕಡ್ಡಿಯನ್ನಲ್ಲ, ಬರ್ನರನ್ನು ಸರಿಪಡಿಸಬೇಕು.

ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಮಾತ್ರ ಆರುತ್ತದೆಯೇ? ಕಿಟಕಿ ಮುಚ್ಚಿದ್ದು ಫ್ಯಾನ್ ಜೋರಾಗಿದ್ದರೆ ಚಿಮಣಿಯ ಹೊಗೆ ಹಿಂದಕ್ಕೆ ಎಳೆದುಕೊಂಡು ಬರುತ್ತದೆ. ಟ್ರಿಪ್ ಜೊತೆಗೆ ಕೆಲಸದವರು ತಲೆನೋವು, ವಾಕರಿಕೆ ಎನ್ನುತ್ತಿದ್ದರೆ ತಕ್ಷಣ ಬೆಂಕಿ ಆರಿಸಿ, ಎಲ್ಲರನ್ನೂ ಹೊರಗೆ ಕಳಿಸಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಕರೆಂಟ್‌ನಲ್ಲಿ ಸರಿಯಾಗಿ ನಡೆದು ಜನರೇಟರ್‌ನಲ್ಲಿ ಮಾತ್ರ ಕೆಲವೇ ಸೆಕೆಂಡಿಗೆ ಆರುತ್ತದೆಯೇ? ಎಲೆಕ್ಟ್ರಾನಿಕ್ ಬರ್ನರ್‌ಗಳು ಜ್ವಾಲೆಯ ಮೂಲಕ ಅರ್ತ್‌ಗೆ ಹರಿಯುವ ಅತಿ ಸೂಕ್ಷ್ಮ ವಿದ್ಯುತ್ತನ್ನು ಅಳೆದು ಬೆಂಕಿ ಇದೆ ಎಂದು ತಿಳಿಯುತ್ತವೆ. ಜನರೇಟರ್‌ನ ನ್ಯೂಟ್ರಲ್ ಅರ್ತ್‌ಗೆ ಸೇರದಿದ್ದರೆ, ಅಥವಾ ಫೇಸ್-ನ್ಯೂಟ್ರಲ್ ಅದಲು ಬದಲಾಗಿದ್ದರೆ, ಎದುರಿಗೇ ಉರಿಯುವ ಬೆಂಕಿಯೂ ಅದಕ್ಕೆ ಕಾಣುವುದಿಲ್ಲ. ಇದು ಗ್ಯಾಸ್ ಮೆಕ್ಯಾನಿಕ್ ಕೆಲಸವಲ್ಲ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ.

ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸ್‌ಗೆ ಬದಲಾದ ಸದಸ್ಯರಿಗೆ ಒಂದು ಸೂಚನೆ. ಒಂದೇ ಗಾತ್ರದ ಎಲ್‌ಪಿಜಿಯಲ್ಲಿ ಪೈಪ್ ಗ್ಯಾಸ್‌ಗಿಂತ ಸುಮಾರು ಎರಡೂವರೆ ಪಟ್ಟು ಶಾಖ ಇರುತ್ತದೆ. ಹಳೆಯ ಸಣ್ಣ ಜೆಟ್ ಹಾಗೇ ಉಳಿದರೆ ಜ್ವಾಲೆ ಬಡವಾಗಿ ಟ್ರಿಪ್ ಆಗುತ್ತಲೇ ಇರುತ್ತದೆ. ಜೆಟ್ ಮತ್ತು ರೆಗ್ಯುಲೇಟರ್ ಎರಡನ್ನೂ ಬದಲಿಸಬೇಕು. ರಂಧ್ರವನ್ನು ಮೊಳೆಯಿಂದ ದೊಡ್ಡದು ಮಾಡುವ ಪದ್ಧತಿ ಬೇಡ.

2. ನೀರು ಮತ್ತು ಒತ್ತಡ ಕಾಯುವ ಸ್ವಿಚ್

ನಮ್ಮ ನಗರದ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಗಡಸುತನ ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ನಲ್ಲಿ ನೀರು ಕಡಿಮೆಯಾಗಿ ಟ್ಯಾಂಕರ್ ಹೆಚ್ಚಾದಂತೆ ಬಾಯ್ಲರ್ ಟ್ರಿಪ್‌ಗಳೂ ಹೆಚ್ಚುತ್ತವೆ. ಈ ನೀರು ಕುದಿದಾಗ ಸುಣ್ಣದ ಪದರ ಕಟ್ಟುತ್ತದೆ. ನೀರಿನ ಮಟ್ಟ ನೋಡುವ ಕಡ್ಡಿಯ ಮೇಲೆ ಕಟ್ಟಿದರೆ ನೀರು ತುಂಬಿದ್ದರೂ ‘ನೀರಿಲ್ಲ’ ಎಂದು ಟ್ರಿಪ್ ಆಗುತ್ತದೆ. ಫ್ಲೋಟ್ ಇರುವ ಬಾಯ್ಲರ್‌ನಲ್ಲಿ ಇದಕ್ಕಿಂತ ಕೆಟ್ಟದ್ದು ನಡೆಯುತ್ತದೆ: ಫ್ಲೋಟ್ ಸುಣ್ಣಕ್ಕೆ ಅಂಟಿ, ನೀರು ಬತ್ತಿದರೂ ಸ್ವಿಚ್ ಸುಮ್ಮನಿರುತ್ತದೆ. ಒತ್ತಡದ ಸ್ವಿಚ್‌ಗೆ ಹೋಗುವ ಸಣ್ಣ ನಳಿಗೆಯೂ ಇದೇ ಸುಣ್ಣದಿಂದ ಕಟ್ಟಿಕೊಳ್ಳುತ್ತದೆ. ಸೇಫ್ಟಿ ವಾಲ್ವ್ ಸ್ಟೀಮ್ ಬಿಟ್ಟರೂ ಒತ್ತಡದ ಸ್ವಿಚ್ ಬರ್ನರ್ ನಿಲ್ಲಿಸದಿದ್ದರೆ ಇದನ್ನು ಶಂಕಿಸಿ.

ಪ್ರತಿದಿನ ಕೆಲಸ ಮುಗಿದ ಮೇಲೆ ತಯಾರಕರು ಹೇಳಿದಂತೆ ಕೆಳಗಿನ ನಳದಿಂದ ಬಾಯ್ಲರ್‌ನ ಕಸರು ನೀರು ಬಿಡಿ. ಒಳಗೆ ಕಟ್ಟಿದ ಸುಣ್ಣವನ್ನು ನಿಂಬೆ ಉಪ್ಪಿನ ನೀರಿನಿಂದ ಕರಗಿಸಿ, ಚೆನ್ನಾಗಿ ತೊಳೆಯಿಸಿ. ಸಾಫ್ಟ್‌ನರ್ ಹಾಕಿಸಿದರೆ ಇನ್ನೂ ಒಳ್ಳೆಯದು.

‘ನೀರಿಲ್ಲ’ ಎಂದು ಟ್ರಿಪ್ ಆದಾಗ ಗ್ಲಾಸ್ ನಳಿಗೆಯಲ್ಲಿ ನೀರು ಕಾಣದಿದ್ದರೆ ಕೂಡಲೇ ತಣ್ಣೀರು ಬಿಡಬೇಡಿ. ಕಾದ ಬರಿ ಲೋಹಕ್ಕೆ ನೀರು ತಾಗಿದರೆ ಒಮ್ಮೆಲೇ ಹಬೆಯಾಗಿ ಬಾಯ್ಲರ್ ಸಿಡಿಯಬಹುದು. ಗ್ಯಾಸ್ ಮುಚ್ಚಿ, ಪೂರ್ತಿ ತಣ್ಣಗಾಗಲು ಬಿಡಿ. ಆ ದಿನದ ಇಡ್ಲಿ ಹೋದರೆ ಹೋಗಲಿ.

3. ಫ್ರೈಯರ್‌ನ ಹೈ-ಲಿಮಿಟ್

ವಡೆ, ಮಿರ್ಚಿ ಬಜ್ಜಿ ಕರಿಯಲು 175ರಿಂದ 190 ಡಿಗ್ರಿ ಸಾಕು. ಎಣ್ಣೆ 230 ಡಿಗ್ರಿಯ ಆಸುಪಾಸಿಗೆ ಹೋದಾಗ ಹೈ-ಲಿಮಿಟ್ ಬೀಳುತ್ತದೆ. ಇನ್ನೂ ಏರಿ 350 ಡಿಗ್ರಿ ದಾಟಿದರೆ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವಿದೆ. ಈ ಎರಡರ ನಡುವೆ ನಿಂತಿರುವುದು ಈ ಸ್ವಿಚ್ ಒಂದೇ.

ಪದೇ ಪದೇ ಬೀಳುತ್ತಿದ್ದರೆ ಥರ್ಮೋಸ್ಟಾಟ್‌ನ ಬಲ್ಬ್ ನೋಡಿ. ಉದುರಿದ ಕಡ್ಲೆಹಿಟ್ಟು ಕರಕಲಾಗಿ ಅದರ ಮೇಲೆ ಕೂತಿದ್ದರೆ ಶಾಖ ತಡವಾಗಿ ತಿಳಿಯುತ್ತದೆ, ಅಷ್ಟರಲ್ಲಿ ಎಣ್ಣೆ ಮಿತಿ ಮೀರಿರುತ್ತದೆ. ಎಣ್ಣೆ ಗುರುತಿಗಿಂತ ಕೆಳಗಿದ್ದರೂ ಹೀಗೇ ಆಗುತ್ತದೆ. ಬಲ್ಬ್ ಶುಚಿ ಇದ್ದು, ಎಣ್ಣೆಯೂ ಸರಿಯಿದ್ದು ಮತ್ತೆ ಬಿದ್ದರೆ ಥರ್ಮೋಸ್ಟಾಟ್ ಬದಲಿಸಬೇಕು. ಹೈ-ಲಿಮಿಟ್ ತೆಗೆಯುವುದಲ್ಲ.

ನಾವು ಕಂಡ ಒಂದು ಪ್ರಸಂಗ

ಸಿಕಂದರಾಬಾದ್ ಕಡೆಯ ಒಬ್ಬ ಸದಸ್ಯರ ಹೋಟೆಲ್. ಡಿಸೆಂಬರ್ ತಿಂಗಳು. ಬಾಯ್ಲರ್ ಬೆಳಗ್ಗೆ ಐದರಿಂದ ಏಳರೊಳಗೆ ಮಾತ್ರ ಆರುತ್ತಿತ್ತು, ಮಧ್ಯಾಹ್ನ ಏನೂ ತೊಂದರೆ ಇರಲಿಲ್ಲ. ಎರಡು ಬಾರಿ ಬಿಡಿಭಾಗ ಬದಲಿಸಿದರು, ಮೂರನೇ ಬಾರಿ ಡೈರೆಕ್ಟ್ ಮಾಡಿಸಿದರು. ನಾಲ್ಕು ದಿನದ ನಂತರ ಬೆಳಗಿನ ಜಾವ ಒತ್ತಡ ಕುಸಿದು ಬಾಯ್ಲರ್‌ನ ಬೆಂಕಿ ಆರಿತು. ದೋಸೆ ಕಾವಲಿಯ ಬರ್ನರ್ ನಿಲ್ಲಿಸಿದೊಡನೆ ಒತ್ತಡ ಮರಳಿತು. ಬೆಂಕಿಯಿಲ್ಲದ ಬಾಯ್ಲರ್‌ನಿಂದ ಬರಿ ಗ್ಯಾಸ್ ಹರಿಯತೊಡಗಿತು. ಪಾತ್ರೆ ತೊಳೆಯಲು ಬಂದ ಹೆಂಗಸಿಗೆ ವಾಸನೆ ಬಂತು. ಆಕೆ ಲೈಟಿನ ಸ್ವಿಚ್ ಮುಟ್ಟದೆ ವಾಲ್ವ್ ಮುಚ್ಚಿ, ಬಾಗಿಲು ತೆರೆದು ಎಲ್ಲರನ್ನೂ ಕೂಗಿದಳು. ಆ ದಿನ ಏಳು ಜನರ ಜೀವ ಉಳಿದದ್ದು ಆಕೆಯಿಂದ.

ನಾವು ಹೋಗಿ ನೋಡಿದಾಗ 19 ಕಿಲೋದ ಒಂದೇ ಸಿಲಿಂಡರ್‌ಗೆ ಬಾಯ್ಲರ್, ಎರಡು ಕಾವಲಿ ಮತ್ತು ಸಾಂಬಾರ್ ಒಲೆ ಜೋಡಿಸಲಾಗಿತ್ತು. ಸಿಲಿಂಡರ್‌ನ ಮೈಮೇಲೆ ಹಿಮ ಕಟ್ಟಿತ್ತು. ಒಳಗಿನ ದ್ರವ ಗ್ಯಾಸ್ ಆಗಲು ಶಾಖ ಬೇಕು. ಅತಿಯಾಗಿ ಎಳೆದರೆ, ಅದರಲ್ಲೂ ಚಳಿಯಲ್ಲಿ, ಸಿಲಿಂಡರ್ ತಣ್ಣಗಾಗಿ ಒತ್ತಡ ಬೀಳುತ್ತದೆ. ಮ್ಯಾನಿಫೋಲ್ಡ್ ಹಾಕಿ ಸಿಲಿಂಡರ್‌ಗಳನ್ನು ಜೊತೆಗೂಡಿಸಿ, ಸ್ವಿಚ್ಚನ್ನು ಮತ್ತೆ ಜೋಡಿಸಲಾಯಿತು. ಅಂದಿನಿಂದ ಅದು ಟ್ರಿಪ್ ಆಗಿಲ್ಲ. ಸ್ವಿಚ್ ಮೊದಲ ದಿನದಿಂದಲೂ ನಿಜವನ್ನೇ ಹೇಳುತ್ತಿತ್ತು. (ಹಿಮ ಕರಗಿಸಲು ಸಿಲಿಂಡರ್ ಮೇಲೆ ಬಿಸಿನೀರು ಸುರಿಯುವುದು, ಪಕ್ಕದಲ್ಲಿ ಬೆಂಕಿ ಇಡುವುದು ಖಂಡಿತ ಬೇಡ.)

ಒಂದು ಲೆಕ್ಕ ನೆನಪಿಡಿ. ಗಾಳಿಯಲ್ಲಿ ಎಲ್‌ಪಿಜಿ ನೂರಕ್ಕೆ ಸುಮಾರು ಎರಡು ಪಾಲು ಸೇರಿದರೆ ಸ್ಫೋಟಕ್ಕೆ ಸಾಕು. ಉದ್ದ, ಅಗಲ, ಎತ್ತರ ಹತ್ತು ಹತ್ತು ಅಡಿಯ ಕೋಣೆಗೆ ಇದು ಸುಮಾರು ಒಂದೂಕಾಲು ಕಿಲೋ ಗ್ಯಾಸ್. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಆದ್ದರಿಂದ ಅದಕ್ಕಿಂತ ಕಡಿಮೆಯೂ ಸಾಕು.

ಟ್ರಿಪ್ ಆದಾಗ ಏನು ಮಾಡಬೇಕು?

1. ಗ್ಯಾಸ್ ವಾಲ್ವ್ ಮುಚ್ಚಿ. ಐದು ನಿಮಿಷ ಕಾಯಿರಿ. ನೆಲದ ಮಟ್ಟದಲ್ಲಿ ವಾಸನೆ ನೋಡಿ.

2. ವಾಸನೆ ಇದ್ದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಸುತ್ತಲಿನ ಬೆಂಕಿ ಆರಿಸಿ, ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕಳಿಸಿ 1906ಕ್ಕೆ ಕರೆ ಮಾಡಿ.

3. ವಾಸನೆ ಇಲ್ಲದಿದ್ದರೆ, ನೀರು ಮತ್ತು ಎಣ್ಣೆಯ ಮಟ್ಟ ನೋಡಿದ ಮೇಲೆ ಒಮ್ಮೆ ಮಾತ್ರ ರೀಸೆಟ್ ಮಾಡಿ. ಎರಡನೇ ಸಲ ಬಿದ್ದರೆ ಕಂಪನಿಯ ಸರ್ವೀಸ್‌ನವರು ಬರುವವರೆಗೆ ಮುಟ್ಟಬೇಡಿ.

4. ಗೋಡೆಗೆ ಒಂದು ನೋಟ್‌ಬುಕ್ ತೂಗುಹಾಕಿ. ದಿನಾಂಕ, ಗಂಟೆ, ಯಾವ ದೀಪ ಉರಿಯಿತು, ಸಿಲಿಂಡರ್ ಹೊಸತೋ ಮುಗಿಯುವುದೋ, ಯಾವ ನೀರು, ಕರೆಂಟೋ ಜನರೇಟರೋ, ಎಕ್ಸಾಸ್ಟ್ ಹಾಕಿತ್ತೋ ಇಲ್ಲವೋ – ಇಷ್ಟು ಬರೆಸಿ. ಹದಿನೈದು ದಿನದ ಬರಹ ನೋಡಿದರೆ ಕಾರಣದ ಸುಳಿವು ಸಿಗುತ್ತದೆ. ಮೇಲಿನ ಹೋಟೆಲ್‌ನಲ್ಲಿ ‘ಬೆಳಗ್ಗೆ ಮಾತ್ರ’ ಎಂಬ ಒಂದು ಮಾತೇ ಸಿಲಿಂಡರ್‌ನತ್ತ ಬೆರಳು ತೋರಿಸಿತು.

ಸದಸ್ಯರು ಇಂದು ರಾತ್ರಿ ಗಲ್ಲಾ ಮುಚ್ಚುವ ಮುನ್ನ ಅಡುಗೆಮನೆಗೆ ಒಮ್ಮೆ ಹೋಗಿ ಬನ್ನಿ. ಬಾಯ್ಲರ್‌ನ ಹಿಂದೆ ಟೇಪ್ ಸುತ್ತಿದ ವೈರ್, ನಾಬ್‌ಗೆ ಸಿಕ್ಕಿಸಿದ ಕಡ್ಡಿ, ಮೇಲೇಳದಂತೆ ಕಟ್ಟಿದ ಸೇಫ್ಟಿ ವಾಲ್ವ್ – ಇವುಗಳಲ್ಲಿ ಒಂದು ಕಂಡರೂ ನಾಳೆ ಬೆಳಗ್ಗೆ ಆ ಯಂತ್ರವನ್ನು ಹಚ್ಚಿಸಬೇಡಿ. ಒಂದು ದಿನದ ವ್ಯಾಪಾರ ಮರುದಿನ ಬರುತ್ತದೆ. ಊರಿನಿಂದ ನಮ್ಮನ್ನು ನಂಬಿ ಬಂದ ಹುಡುಗರ ಜೀವ ಮರಳಿ ಬರುವುದಿಲ್ಲ.