ಆಯಿಲ್ ಡಬ್ಬದ ಅಕ್ಷರಮಾಲೆ

ಒಂದು ಕಾಲಕ್ಕೆ ದಾವಣಗೆರೆಯ ನಮ್ಮ ಗ್ಯಾರೇಜಿನಲ್ಲಿ ಒಂದೇ ಡ್ರಮ್ಮು ಎಲ್ಲ ಗಾಡಿಗಳನ್ನೂ ಸಾಕುತ್ತಿತ್ತು. ಮಾರುತಿ 800ಕ್ಕೂ 20ಡಬ್ಲ್ಯು-40, ಅಂಬಾಸಿಡರ್‌ಗೂ ಅದೇ. ಆಯಿಲ್ ಪರೀಕ್ಷೆಗೆ ಎರಡು ಬೆರಳು ಸಾಕಿದ್ದವು. ಡಿಪ್‌ಸ್ಟಿಕ್‌ನಿಂದ ಒಂದು ಹನಿ ತೆಗೆದು ತಿಕ್ಕುವುದು. ಜಿಡ್ಡು ಉಳಿದಿದ್ದರೆ ಓಡಲಿ, ಇಲ್ಲದಿದ್ದರೆ ಇಳಿಸು. ಈಗ ರ‍್ಯಾಕ್ ತುಂಬ ಬಗೆಬಗೆಯ ಡಬ್ಬ. ಇದೆಲ್ಲ ಕಂಪನಿಗಳ ವ್ಯಾಪಾರ ಎಂದು ಗಿರಾಕಿಗಳು ಗೊಣಗುತ್ತಾರೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಈ ಕಸುಬಿನಲ್ಲಿ ಕೈ ಕಪ್ಪಾಗಿಸಿಕೊಂಡು ನನಗೆ ತಿಳಿದದ್ದು ಬೇರೆ: ಡಬ್ಬದ ಮೇಲೆ ಹೊಸ ಅಕ್ಷರ ಬಂತೆಂದರೆ, ಎಲ್ಲೋ ಹೊಸ ಎಂಜಿನ್ ಹೊಸ ಕಾಯಿಲೆ ತಂದುಕೊಂಡಿದೆ ಎಂದೇ ಅರ್ಥ.

ಬೈಕಿನಿಂದ ಶುರು ಮಾಡೋಣ. ಮೈಲೇಜ್ ಹೆಚ್ಚಿಸಲೆಂದು ಕಾರಿನ ಆಯಿಲ್‌ಗೆ ಜಾರಿಕೆ ಹೆಚ್ಚಿಸುವ ರಾಸಾಯನಿಕ ಬೆರೆಸತೊಡಗಿದರು. ಕಾರಿಗೆ ಒಳ್ಳೆಯದೇ. ಆದರೆ ಗಿಯರ್ ಬೈಕಿನಲ್ಲಿ ಕ್ಲಚ್ ಪ್ಲೇಟುಗಳೂ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಅಲ್ಲಿ ಜಾರಿದರೆ ಗತಿಯೇನು? ಜಪಾನಿನವರು 1998ರಲ್ಲಿ ತಮ್ಮ ಜಾಸೊ ಮಾನದಂಡದಲ್ಲಿ ಎಂಎ, ಎಂಬಿ ಎಂದು ಬೇರೆ ಮಾಡಿದ್ದು ಇದಕ್ಕೇ. ಎಂಎ ಗಿಯರ್ ಬೈಕಿಗೆ, ಎಂಬಿ ಒಣ ಕ್ಲಚ್ಚಿನ ಸ್ಕೂಟರ್‌ಗೆ. "ರೇಸ್ ಮಾಡಿದ್ರೆ ಎಂಜಿನ್ ಕೂಗ್ತೈತಿ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ ಅಣ್ಣ" ಎಂದು ಹುಡುಗರು ಬಂದರೆ, ಕ್ಲಚ್ ಬಿಚ್ಚುವ ಮೊದಲು ಯಾವ ಆಯಿಲ್ ಹಾಕಿದ್ದೆ ಎಂದು ಕೇಳುತ್ತೇನೆ. ಮನೆಯಲ್ಲಿ ಉಳಿದಿದ್ದ ಕಾರಿನ ಆಯಿಲ್ ಸುರಿದುಕೊಂಡವರು ಕಡಿಮೆಯೇನಿಲ್ಲ.

ಬೆರಳಿನ ಪರೀಕ್ಷೆಯನ್ನು ಕೈಬಿಡಿಸಿದ್ದು 0ಡಬ್ಲ್ಯು-20 ಎಂಬ ತೆಳು ಆಯಿಲ್. ಅದನ್ನು ಸುರಿಯುವಾಗ ಹಿರಿಯರೊಬ್ಬರು ತಡೆದರು: "ಏನಪ್ಪಾ, ನೀರು ಹೊಯ್ದಂಗೆ ಹೊಯ್ತೀಯಲ್ಲ?" 100 ಡಿಗ್ರಿ ಕಾವಿನಲ್ಲಿ ಹಳೆಯ 20ಡಬ್ಲ್ಯು-40 ಆಯಿಲ್ ಎಷ್ಟು ಮಂದವೋ ಇದು ಅದರ ಹೆಚ್ಚುಕಡಿಮೆ ಅರ್ಧ. ಬೇಕೆಂದೇ ಹಾಗೆ ಮಾಡಿದ್ದು. ಹೊಸ ಎಂಜಿನ್‌ಗಳಲ್ಲಿ ಬೇರಿಂಗ್ ಸಂದು ಕಿರಿದು. ಮೇಲಾಗಿ ವಾಲ್ವ್ ಟೈಮಿಂಗ್ ಬದಲಿಸುವ ಕೆಲಸವನ್ನೂ ಆಯಿಲ್ ಪ್ರೆಷರ್ರೇ ಮಾಡುತ್ತದೆ, ಅದೂ ಕೂದಲೆಳೆಯಂಥ ದಾರಿಗಳಲ್ಲಿ ಹರಿದು. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದ ತಕ್ಷಣ ಅದು ಮೇಲೆ ಮುಟ್ಟಬೇಕು. ಮಂದ ಆಯಿಲ್ ಹಾಕಿದರೆ ಮೈಲೇಜ್ ಇಳಿಯುತ್ತದೆ, ಕೆಲವೊಮ್ಮೆ ಟೈಮಿಂಗ್ ದೋಷದ ಲೈಟೂ ಹತ್ತಿಕೊಳ್ಳುತ್ತದೆ.

ಹಾಗೆಂದು ಹೊಸದೆಲ್ಲ ಹಳೆಯದಕ್ಕೆ ಅಮೃತವಲ್ಲ. ಆಯಿಲ್‌ನಲ್ಲಿ ಸವೆತ ತಡೆಯುವುದು ಸತು-ರಂಜಕದ ಸಂಯುಕ್ತ; ನಾವು ಸುಮ್ಮನೆ ಜಿಂಕ್ ಎನ್ನುತ್ತೇವೆ. ಆ ರಂಜಕವೇ ಸೈಲೆನ್ಸರ್‌ನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ವಿಷ. ಅದಕ್ಕೇ 2004ರಲ್ಲಿ ಅಮೆರಿಕದ ಎಪಿಐ ಮಾನದಂಡದ ಎಸ್‌ಎಂ ಬಂದಾಗ 5ಡಬ್ಲ್ಯು-30ರಂಥ ತೆಳು ಗ್ರೇಡುಗಳಲ್ಲಿ ರಂಜಕವನ್ನು ಶೇ. 0.08ಕ್ಕೆ ಇಳಿಸಿದರು. ಅಂಬಾಸಿಡರ್‌ನ ಹಳೆಯ ಪೆಟ್ರೋಲ್ ಎಂಜಿನ್‌ನಲ್ಲಿ ಕ್ಯಾಮ್ ನೇರ ಚಪ್ಪಟೆ ಟ್ಯಾಪೆಟ್ ಮೇಲೆ ಉಜ್ಜುತ್ತದೆ. ಅದಕ್ಕೆ ಜಿಂಕ್ ಬೇಕೇ ಬೇಕು. ಪ್ರೀತಿಯಿಂದ ದುಬಾರಿ 5ಡಬ್ಲ್ಯು-30 ತಂದುಕೊಟ್ಟ ಮಾಲೀಕರಿಗೆ ಅದನ್ನು ವಾಪಸ್ ಕೊಟ್ಟು 20ಡಬ್ಲ್ಯು-50 ಹಾಕಿ ಕಳಿಸುತ್ತೇನೆ. ಆ ಮಂದ ಗ್ರೇಡಿಗೆ ಈ ಮಿತಿ ಇಲ್ಲ.

ಹೆಚ್ಚು ಪಾಠ ಕಲಿಸಿದ್ದು ಡೀಸೆಲ್. ವಿದ್ಯಾನಗರದ ಮೇಷ್ಟ್ರೊಬ್ಬರ ಬಿಎಸ್-6 ಕಾರು ಬಂತು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮೇಲಿನ ಗುರುತನ್ನೂ ದಾಟಿ ಹತ್ತಿದೆ.

"ಮೇಷ್ಟ್ರೇ, ಆಯಿಲ್ ಜಾಸ್ತಿಯಾಗಿದೆ."

"ಕಮ್ಮಿ ಆಗಿಲ್ಲ ತಾನೇ? ಒಳ್ಳೇದಾಯ್ತಲ್ಲ!"

ಮೂಸಿದರೆ ಡೀಸೆಲ್ ವಾಸನೆ. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕೂತಿದೆ. ಅದು ತುಂಬಿದಾಗ ಕಂಪ್ಯೂಟರ್ ಸಿಲಿಂಡರ್‌ಗೆ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಫಿಲ್ಟರ್ ಕಾವನ್ನು 600 ಡಿಗ್ರಿಯ ಹತ್ತಿರಕ್ಕೆ ಏರಿಸಿ ಮಸಿ ಸುಡುತ್ತದೆ. ಮೇಷ್ಟ್ರ ಗಾಡಿ ಮನೆಯಿಂದ ಕಾಲೇಜು, ಕಾಲೇಜಿನಿಂದ ಮನೆ, ಅಷ್ಟೇ. ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಮತ್ತೆ ಶುರುವಾಗುತ್ತದೆ. ಸುಡದ ಡೀಸೆಲ್ ರಿಂಗ್ ಪಕ್ಕದಿಂದ ಜಾರಿ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಆಯಿಲ್ ಇಳಿಸಿ ಹೊಸದು ಹಾಕಿದೆ. ವಾರಕ್ಕೊಮ್ಮೆ ಹೈವೇ ಹಿಡಿದು ರಾಣೆಬೆನ್ನೂರಿನ ತನಕ ಹೋಗಿ ಬನ್ನಿ ಎಂದೆ. ಅವರು ಈಗ ಮನೆಯವರನ್ನೂ ಕರೆದುಕೊಂಡು ಹೋಗುತ್ತಾರೆ.

ಹೊಸದು ಎಂದರೆ ಯಾವುದೋ ಒಂದಲ್ಲ. ಮಸಿ ಸುಡುತ್ತದೆ, ಆದರೆ ಆಯಿಲ್‌ನೊಳಗಿನ ಕ್ಯಾಲ್ಸಿಯಂ, ಜಿಂಕ್ ಉರಿದು ಉಳಿಯುವ ಬೂದಿ ಸುಡುವುದಿಲ್ಲ, ಫಿಲ್ಟರ್‌ನಲ್ಲೇ ಕೂರುತ್ತದೆ. ಹಾಗಾಗಿ ಯುರೋಪಿನ ಎಸಿಇಎ ಮಾನದಂಡದ ಸಿ3 ಗುಂಪಿನಲ್ಲಿ ಬೂದಿ ಶೇ. 0.8 ಮೀರುವಂತಿಲ್ಲ. ಹಿಂದೆ ಬೂದಿಯನ್ನು ಹೀಗೆ ಕಟ್ಟಿಹಾಕುವ ಹಾಗೂ ಇರಲಿಲ್ಲ. ಬಿಎಸ್-3ರ ಡೀಸೆಲ್‌ನಲ್ಲಿ ಗಂಧಕ 350 ಪಿಪಿಎಂ. ಅದು ಉರಿದು ಹುಟ್ಟುವ ಆಮ್ಲವನ್ನು ಕೊಲ್ಲಲು ಆಯಿಲ್‌ನಲ್ಲಿ ಕ್ಷಾರ ಧಾರಾಳ ಬೇಕಿತ್ತು, ಕ್ಷಾರ ಹೆಚ್ಚಿದರೆ ಬೂದಿಯೂ ಹೆಚ್ಚು. ಈಗ ಗಂಧಕ 10 ಪಿಪಿಎಂ. ಇಂಧನ ಶುದ್ಧವಾದದ್ದರಿಂದಲೇ ಆಯಿಲ್‌ನಲ್ಲಿ ಬೂದಿ ತಗ್ಗಿಸಲು ಸಾಧ್ಯವಾಯಿತು. ಇದನ್ನು ಯಾವ ಡಬ್ಬವೂ ಹೇಳುವುದಿಲ್ಲ.

ಟರ್ಬೊ ಪೆಟ್ರೋಲ್‌ನದು ಇನ್ನೊಂದು ಕಥೆ. ಕಡಿಮೆ ವೇಗದಲ್ಲಿ ಟಾಪ್ ಗಿಯರ್‌ನಲ್ಲೇ ಜೋರಾಗಿ ಒತ್ತಿದರೆ, ಕಿಡಿ ಹಾರುವ ಮೊದಲೇ ಸಿಲಿಂಡರ್ ಒಳಗೆ ಬೆಂಕಿ ಹೊತ್ತಿ ಪಿಸ್ಟನ್ ಒಡೆಯುವುದುಂಟು. ಆಯಿಲ್‌ನ ಕ್ಯಾಲ್ಸಿಯಂ ಅದಕ್ಕೆ ಕುಮ್ಮಕ್ಕು ಕೊಡುತ್ತದೆ ಎಂದು ತಿಳಿದ ಮೇಲೆ ಅದನ್ನು ತಗ್ಗಿಸಿ ಮೆಗ್ನೀಷಿಯಂ ತಂದರು. ಎಪಿಐ ಸಾಲಿನಲ್ಲಿ 2018ರ ಎಸ್‌ಎನ್ ಪ್ಲಸ್, 2020ರ ಎಸ್‌ಪಿ ಹುಟ್ಟಿದ್ದು ಈ ಕಾಯಿಲೆಗೆ. ಎಸ್‌ಪಿಯಲ್ಲಿ ಟೈಮಿಂಗ್ ಚೈನ್ ಸವೆತದ ಪರೀಕ್ಷೆಯೂ ಸೇರಿತು.

2025ರ ಮಾರ್ಚ್‌ನಲ್ಲಿ ಎಸ್‌ಕ್ಯೂ ಬಂದಿದೆ. ಈ ಸಲ ಓಡಿ ಹಳತಾದ ಆಯಿಲ್‌ನಲ್ಲೂ ಆ ಬೆಂಕಿಯ ಪರೀಕ್ಷೆ ಪಾಸಾಗಬೇಕು. ಡೀಲರ್‌ಗಳು ಹಿಂದಿನ ಸ್ಟಾಕನ್ನು ಡಿಸ್ಕೌಂಟ್ ಮೇಲೆ ತೋರಿಸಿದರೆ ನಾನು ಧಾರಾಳವಾಗಿ ಕೊಳ್ಳುತ್ತೇನೆ. ಹಳೆಯ ಎಸ್‌ಎನ್ ಸಾಕು ಎಂದು ಮ್ಯಾನ್ಯುಯಲ್‌ನಲ್ಲಿ ಬರೆದಿರುವ ಗಾಡಿಗಳು ಈ ಊರಲ್ಲಿ ಇನ್ನೂ ಬೇಕಾದಷ್ಟಿವೆ.