ಮಾದಪ್ಪನ ಬೆಟ್ಟದಿಂದ ಕಿದ್ವಾಯಿವರೆಗೆ: ಕ್ಯಾನ್ಸರ್ ರೋಗಿಯ ಜೊತೆಗಿರುವ ನರ್ಸ್ ಏನೇನು ಮಾಡಬೇಕು

ಹನೂರು ತಾಲ್ಲೂಕಿನ ಒಂದು ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಹೆಂಗಸೊಬ್ಬರ ಎದೆಯಲ್ಲಿ ಗಂಟು ಕಂಡಿತು ಅಂದುಕೊಳ್ಳಿ. ಆಶಾ ಕಾರ್ಯಕರ್ತೆ ನೋಡುತ್ತಾರೆ, ಉಪಕೇಂದ್ರದ ಸಿಸ್ಟರ್ ನೋಡುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಚೀಟಿ ಬರೆದುಕೊಡುತ್ತಾರೆ. ಮುಂದೆ ಕೊಳ್ಳೇಗಾಲ, ಆಮೇಲೆ ಚಾಮರಾಜನಗರದ ಸಿಮ್ಸ್ ಆಸ್ಪತ್ರೆ, ಅಲ್ಲಿಂದ ಮೈಸೂರು ಇಲ್ಲವೇ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಪ್ರತಿ ಜಾಗದಲ್ಲೂ ನೋಡುವವರಿದ್ದಾರೆ. ಆದರೆ ಒಂದು ಜಾಗ ಬಿಟ್ಟವರು ಇನ್ನೊಂದು ಜಾಗ ಮುಟ್ಟಿದರೋ ಇಲ್ಲವೋ ಎಂದು ವಿಚಾರಿಸುವವರು ಯಾರು? ಆ ಕೆಲಸ ಹೊರುವ ದಾದಿಗೆ ನರ್ಸ್ ನ್ಯಾವಿಗೇಟರ್ ಎನ್ನುತ್ತಾರೆ.

ಇದನ್ನು ಮೊದಲು ಕ್ರಮವಾಗಿ ನಡೆಸಿ ತೋರಿಸಿದ್ದು ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಯ ಶಸ್ತ್ರವೈದ್ಯ ಹೆರಾಲ್ಡ್ ಫ್ರೀಮನ್, 1990ರಲ್ಲಿ. ಅಲ್ಲಿನ ಬಡ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಂದು ಐದು ವರ್ಷ ಬದುಕುಳಿಯುತ್ತಿದ್ದವರು ಶೇ 39. ಸುಲಭ ದರದ ತಪಾಸಣೆ ಮತ್ತು ಜೊತೆಗಾರರು, ಎರಡೂ ಸಿಕ್ಕ ಮೇಲೆ ಅದು ಶೇ 70ಕ್ಕೆ ಏರಿತು. ನಮ್ಮಲ್ಲಿ ಮುಂಬೈನ ಟಾಟಾ ಸ್ಮಾರಕ ಕೇಂದ್ರ 2019ರಲ್ಲಿ ‘ಕೇವಟ್’ ಎಂಬ ಹೆಸರಿನಲ್ಲಿ ಇಂಥವರಿಗೆ ತರಬೇತಿ ಶುರುಮಾಡಿತು. ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಈ ಕೆಲಸಕ್ಕೆ ತಕ್ಕವರು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ, ಇಲ್ಲವೇ ಪಿಎಚ್‌ಸಿಯ ಸ್ಟಾಫ್ ನರ್ಸ್ ಎಂಬುದು ನನ್ನ ಅಭಿಪ್ರಾಯ. ಹೊಸದಾಗಿ ಕೈಹಾಕುವ ಸಿಸ್ಟರ್‌ಗಾಗಿಯೇ ಈ ಬರಹ.

ಹಂತ 1: ಒಂದು ಪುಸ್ತಕ ಇಡಿ

ಆ್ಯಪ್ ಆಮೇಲೆ ಬರಲಿ, ಮೊದಲು ಗಟ್ಟಿ ರಟ್ಟಿನ ಒಂದು ನೋಟ್‌ಬುಕ್. ಒಬ್ಬರಿಗೆ ಎರಡು ಪುಟ. ಹೆಸರು, ಊರು ಅಥವಾ ಪೋಡು, ಕಾಯಿಲೆಯ ವಿವರವಂತೂ ಸರಿ. ಅದಕ್ಕಿಂತ ಮುಖ್ಯವಾಗಿ, ಕೊಟ್ಟಿರುವ ಮೊಬೈಲ್ ನಂಬರು ಯಾರದ್ದು ಎಂದು ಬರೆಯಿರಿ. ಬಹಳ ಸಲ ಅದು ಪಕ್ಕದ ಮನೆಯ ಹುಡುಗನದ್ದಾಗಿರುತ್ತದೆ. ಅವನು ಕೂಲಿಗೆ ಹೋದರೆ ನಂಬರೂ ಹೋಯಿತು. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಎಲ್ಲಿ ಸಿಗುತ್ತದೆ, ಯಾವ ಹೊತ್ತಿಗೆ ಕರೆ ಮಾಡಬೇಕು, ಮನೆಯಲ್ಲಿ ತೀರ್ಮಾನ ಯಾರದು ಎಂಬುದೂ ಇರಲಿ. ಕೊನೆಯ ಕಲಮು ‘ಮುಂದಿನ ತಾರೀಖು’. ಆ ಕಲಮು ಖಾಲಿ ಇರುವ ರೋಗಿ ಕೈತಪ್ಪುತ್ತಿದ್ದಾರೆ ಎಂದೇ ತಿಳಿಯಿರಿ.

ಹಂತ 2: ಅನುಮಾನ ಬಂದ ದಿನವೇ ಹಿಡಿಯಿರಿ

30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರ ಬಾಯಿಯನ್ನು ಟಾರ್ಚ್ ಹಿಡಿದು ನೋಡಿ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ನೋವಿಲ್ಲದ ಗಂಟು ಕಂಡರೆ ಬಿಡಬೇಡಿ.

ಆ ದಿನ ‘ಕ್ಯಾನ್ಸರ್’ ಎನ್ನಬೇಡಿ, ‘ಏನೂ ಇಲ್ಲ ಬಿಡಿ’ ಎಂದೂ ಹೇಳಬೇಡಿ. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಅದೂ ನಿಜ. “ಅವ್ವ, ಇದು ಏನು ಅಂತ ಪರೀಕ್ಷೆ ಮಾಡಿಯೇ ಹೇಳಬೇಕು. ಯಾವತ್ತು ಹೋಗಬೇಕು, ಯಾರನ್ನ ಕಾಣಬೇಕು ಅಂತ ನಾನು ಗೊತ್ತು ಮಾಡ್ತೀನಿ” ಎಂದರೆ ಸಾಕು. ಮಾರ್ಟಳ್ಳಿ ಕಡೆ ತಮಿಳು ಮಾತಾಡುವ ಮನೆಗಳಿವೆ. ಸೋಲಿಗರ ಪೋಡುಗಳಲ್ಲಿ ಹಿರಿಯರಿಗೆ ಅವರ ಮಾತಿನಲ್ಲೇ ಹೇಳಿದರೆ ಹತ್ತಿರವಾಗುತ್ತದೆ. ಆಯಾ ಊರಿನ ಆಶಾ ಜೊತೆಗಿರಲಿ.

ಹಂತ 3: ಬಯಾಪ್ಸಿ ವರದಿ ಕೈಗೆ ಬರುವ ತನಕ ಬಿಡಬೇಡಿ

ದಾರಿ ಹೆಚ್ಚಾಗಿ ಕಡಿದುಹೋಗುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ರೋಗಿ ದೊಡ್ಡಾಸ್ಪತ್ರೆಗೆ ಹೋಗುತ್ತಾರೆ, ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ‘ವಾರ ಬಿಟ್ಟು ಬನ್ನಿ’ ಎನ್ನುತ್ತಾರೆ. ವಾರ ಬಿಟ್ಟರೆ ರಾಗಿ ಕೊಯ್ಲು, ಇಲ್ಲವೇ ಕಾಡಿನಲ್ಲಿ ನೆಲ್ಲಿಕಾಯಿ, ಜೇನಿನ ಕಾಲ, ಇಲ್ಲವೇ ಬಸ್ ಚಾರ್ಜಿಗೆ ಕಾಸಿಲ್ಲ. ಗಂಟಿನಲ್ಲಿ ನೋವೂ ಇಲ್ಲ. “ಅಮಾಸೆ ಕಳೀಲಿ ಸಿಸ್ಟ್ರೇ, ಆಮೇಲೆ ಹೋಗದು” ಎಂದರೆ ತಿಂಗಳು ಹೋಯಿತು.

ಮೂರು ಕೆಲಸ ಮಾಡಿ. ಬಯಾಪ್ಸಿ ಆದ ದಿನವೇ ಲ್ಯಾಬಿನ ನಂಬರು, ವರದಿ ಸಿಗುವ ತಾರೀಖು, ಅದನ್ನು ತೋರಿಸಬೇಕಾದ ಡಾಕ್ಟರ ಹೊರರೋಗಿ ವಿಭಾಗದ ವಾರ ಬರೆದುಕೊಳ್ಳಿ. ವರದಿ ಸಿದ್ಧವಾಯಿತೇ ಎಂದು ನೀವೇ ಫೋನ್ ಮಾಡಿ ಕೇಳಿ, ಆಮೇಲೆ ರೋಗಿಯನ್ನು ಹೊರಡಿಸಿ. ಬರಿಗೈಲಿ ಒಂದು ಸಲ ವಾಪಸ್ ಬಂದವರನ್ನು ಎರಡನೇ ಸಲ ಹೊರಡಿಸುವುದು ಬಲು ಕಷ್ಟ. ‘ಕತ್ತರಿ ತಾಗಿದರೆ ಹರಡ್ತದೆ’ ಎಂಬ ಭಯ ಮನೆಮನೆಯಲ್ಲಿದೆ. ಬಯಾಪ್ಸಿಯಿಂದ ಕಾಯಿಲೆ ಹರಡುವುದಿಲ್ಲ, ತಡ ಮಾಡಿದರೆ ಹರಡುತ್ತದೆ ಎಂದು ರೋಗಿಗಷ್ಟೇ ಅಲ್ಲ, ತೀರ್ಮಾನ ಮಾಡುವವರಿಗೂ ಹೇಳಿ.

ಹಂತ 4: ಕಾಗದಪತ್ರ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಬೇಕಾದ್ದು ಆಧಾರ್, ರೇಷನ್ ಕಾರ್ಡು, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ. ಆಧಾರ್, ರೇಷನ್ ಕಾರ್ಡು ಎರಡರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಊರು ಬಿಡುವ ಮೊದಲೇ ನೋಡಿ. ಒಂದರಲ್ಲಿ ‘ಮಾದಮ್ಮ’, ಇನ್ನೊಂದರಲ್ಲಿ ‘ಮಹದೇವಮ್ಮ’ ಇದ್ದರೆ ಕೌಂಟರಿನಲ್ಲಿ ದಿನ ಕಳೆಯುತ್ತದೆ. ಆಸ್ಪತ್ರೆ ಮುಟ್ಟಿದ ಮೇಲೆ ಮೊದಲು ಕಾಣಬೇಕಾದವರು ಈ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರ. ಗೊಂದಲವಾದರೆ 104ಕ್ಕೆ ಕರೆ ಮಾಡಿ. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯಲ್ಲೋ ಬೇರೆಡೆಯೋ ಮೊದಲು ತೋರಿಸಿದ್ದರೆ ಆ ಚೀಟಿಗಳನ್ನೂ ಸೇರಿಸಿ ತಾರೀಖಿನ ಪ್ರಕಾರ ಒಂದೇ ಫೈಲ್ ಮಾಡಿ. ಎಲ್ಲದರ ಫೋಟೊ ನಿಮ್ಮ ಮೊಬೈಲಿನಲ್ಲೂ ಇರಲಿ.

ಹಂತ 5: ಎಲ್ಲಿಗೆ, ಹೇಗೆ

ಮಾದಪ್ಪನ ಬೆಟ್ಟ, ಅಂದರೆ ಮಲೆ ಮಹದೇಶ್ವರ ಬೆಟ್ಟದಿಂದ ಮೈಸೂರು ಸುಮಾರು 150 ಕಿ.ಮೀ., ಬೆಂಗಳೂರು ಸುಮಾರು 210. ಮೂರು ವಾರಕ್ಕೊಮ್ಮೆ ಕೀಮೋ ಎಂದರೆ ಹೋಗಿ ಬರಬಹುದು. ಜನ ‘ಕರೆಂಟ್ ಕೊಡೋದು’ ಎನ್ನುವ ವಿಕಿರಣ ಚಿಕಿತ್ಸೆ ಹಾಗಲ್ಲ: ವಾರಕ್ಕೆ ಐದು ದಿನ, ಬಹಳ ಸಲ ಐದಾರು ವಾರ. ಅಲ್ಲೇ ಉಳಿಯಬೇಕು. ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆ ಇದೆ; ಜಾಗ ಇದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿ. ಊರಿನಲ್ಲಿ ಮಕ್ಕಳನ್ನು, ಹಸುಕರುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ತೀರ್ಮಾನವಾಗದೆ ಯಾರೂ ಐದು ವಾರ ನಿಲ್ಲುವುದಿಲ್ಲ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಉಚಿತ, ಹಾಗಾಗಿ ಜೊತೆಗೆ ಬರುವವರೂ ಹೆಂಗಸಾದರೆ ಖರ್ಚು ಉಳಿಯುತ್ತದೆ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಯಲ್ಲಿ ಬೆಟ್ಟದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕ್ಯಾಲೆಂಡರ್ ನೋಡಿಯೇ ದಿನ ಕೇಳಿ.

ಹಂತ 6: ಚಿಕಿತ್ಸೆ ನಡೆಯುವಾಗ

ಮನೆಗೊಂದು ಥರ್ಮಾಮೀಟರ್ ಕೊಡಿಸಿ, ನೋಡುವುದನ್ನು ಕಲಿಸಿ. ಕೀಮೋ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣ ಇಳಿದಿರುತ್ತದೆ. ಆಗ 100.4 ಡಿಗ್ರಿ ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗಿ ಮಲಗುವಂತಿಲ್ಲ, ಅದು ತುರ್ತು. ರಾತ್ರಿಯಾದರೂ ಆಸ್ಪತ್ರೆ ಸೇರಬೇಕು. ರಸ್ತೆ ಸರಿಯಿಲ್ಲದ ಪೋಡಿನಿಂದ ಯಾರ ಜೀಪು, ಯಾರು ಹೊತ್ತು ತರುವವರು ಎಂಬುದನ್ನು ಮೊದಲೇ ಮಾತಾಡಿಡಿ. ಕರೆಂಟ್ ಕೊಟ್ಟ ಜಾಗಕ್ಕೆ ಎಣ್ಣೆ, ಅರಿಶಿನ ಬೇಡ; ಅಲ್ಲಿ ಎಳೆದ ಗೆರೆ ಅಳಿಸಬಾರದು. ಗರ್ಭಕಂಠದ ಕ್ಯಾನ್ಸರಿಗೆ ಒಟ್ಟು ವಿಕಿರಣ ಎಂಟು ವಾರದೊಳಗೆ ಮುಗಿಯಬೇಕು, ನಡುವೆ ಬಿಟ್ಟರೆ ಫಲ ಕುಗ್ಗುತ್ತದೆ.

ಹರಕೆಯ ಜೊತೆ ಜಗಳಕ್ಕೆ ನಿಲ್ಲಬೇಡಿ. ಮಾದಪ್ಪನಿಗೆ ಮುಡಿ ಕೊಡುವ ನಾಡು ಇದು. ಕೀಮೋದಿಂದ ಕೂದಲು ಉದುರುತ್ತದೆ ಎಂದು ಕುಗ್ಗಿದ ಹೆಣ್ಣುಮಗಳು ಮೊದಲೇ ಮುಡಿ ಕೊಟ್ಟುಬಿಡುತ್ತೇನೆ ಎಂದರೆ ಅದರಲ್ಲಿ ತಪ್ಪೇನಿದೆ? ರಕ್ತಕಣ ಇಳಿದ ವಾರಗಳಲ್ಲಿ ಮಾತ್ರ ಜಾತ್ರೆಯ ಜನಸಂದಣಿ ಬೇಡ. ಡಾಕ್ಟರು ಒಪ್ಪಿದ ದಿನಕ್ಕೆ ಹರಕೆಯನ್ನೂ ನಿಮ್ಮ ಪುಸ್ತಕದಲ್ಲೇ ಬರೆಯಿರಿ.

ಹಂತ 7: ಗುಣವಾಗದಿದ್ದಾಗ

ಆಸ್ಪತ್ರೆ ಇನ್ನು ಚಿಕಿತ್ಸೆ ಇಲ್ಲ ಎಂದ ಮೇಲೂ ನಿಮ್ಮ ಪುಟ ಮುಗಿಯುವುದಿಲ್ಲ. ನೋವಿಗೆ ಮಾರ್ಫಿನ್ ಇದೆ. ಎಲ್ಲಿ ಸಿಗುತ್ತದೆ ಎಂದು ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲೇ ಕೇಳಿ ಬರೆಸಿಕೊಳ್ಳಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥವರ ಆರೈಕೆ ಉಚಿತ. ಹೆಚ್ಚಿನವರಿಗೆ ಬೇಕಿರುವುದು ಮನೆಯಲ್ಲೇ ನೋವಿಲ್ಲದೆ ಇರುವುದು. ಅದಕ್ಕೆ ವಾರಕ್ಕೊಮ್ಮೆ ಮನೆ ಮುಟ್ಟುವ ಸಿಸ್ಟರ್ ಬೇಕು.

ಹಂತ 8: ಗುಣವಾದ ಮೇಲೆ

ಸಾಮಾನ್ಯವಾಗಿ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ತಪಾಸಣೆ. ಹೊಗೆಸೊಪ್ಪು ಬಿಟ್ಟಿದ್ದಾರೆಯೇ ಎಂದು ಪ್ರತಿ ಸಲ ಕೇಳಿ.

ಇನ್ನು ವೈದ್ಯಾಧಿಕಾರಿಗಳಿಗೊಂದು ಮಾತು. ಮನೆಮನೆ ಬೆನ್ನುಹತ್ತುವ ಕೆಲಸ ಈ ಸೀಮೆಗೆ ಹೊಸದಲ್ಲ: ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಿಂದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಯಳಂದೂರಿನಲ್ಲಿ 1986ರಿಂದ ಕುಷ್ಠರೋಗದ ವಿಚಾರದಲ್ಲಿ ಕರುಣಾ ಟ್ರಸ್ಟ್ ಅದನ್ನು ಮಾಡಿ ತೋರಿಸಿವೆ. ಇಂಥ ಸಿಸ್ಟರ್‌ಗೆ ವಾರದಲ್ಲಿ ಅರ್ಧ ದಿನ ಬೇರೆ ಡ್ಯೂಟಿ ಹಾಕಬೇಡಿ, ಫೋನಿನ ಕರೆನ್ಸಿ ಅವರ ಕೈಯಿಂದ ಹಾಕಿಸಬೇಡಿ, ಸಿಮ್ಸ್‌ನಲ್ಲೂ ಕಿದ್ವಾಯಿಯಲ್ಲೂ ಅವರು ಕರೆ ಮಾಡಿದರೆ ಎತ್ತುವ ಒಬ್ಬೊಬ್ಬರ ಹೆಸರು ಕೊಡಿಸಿ.